ಮಗಳಿಗೆ ಮೆಕ್ಯಾನಿಕಲ್, ಮಗನಿಗೆ ನರ್ಸಿಂಗ್: ಒಪ್ಪಬಹುದಾ?

ಪ್ರಶ್ನೆ: ಮಗಳು ಎಸ್‌ಎಸ್‌ಎಲ್‌ಸಿ ಮುಗಿಸಿ, ಮೆಕ್ಯಾನಿಕಲ್ ಡಿಪ್ಲೊಮಾನೇ ಬೇಕು ಅಂತ ಹಟ ಹಿಡಿದಿದ್ದಾಳೆ. ಸೆಕೆಂಡ್ ಪಿಯು ಓದುತ್ತಿರುವ ಮಗನಿಗೆ ಬಿಎಸ್ಸಿ ನರ್ಸಿಂಗ್ ಆಸೆ. ‘ಇಬ್ಬರದ್ದೂ ಅದಲುಬದಲಾಗಿದೆ, ಅವಳಿಗೆ ನರ್ಸಿಂಗ್ ಕೊಡಿಸಿ’ ಅಂತ ನೆಂಟರು ನಗುತ್ತಾರೆ. ಫ್ಯಾಕ್ಟರಿ, ರಾತ್ರಿ ಪಾಳಿ ಅಂದರೆ ನನಗೂ ಭಯ. ಏನು ಮಾಡಲಿ?
– ಒಬ್ಬ ತಾಯಿ, ರಾಣೆಬೆನ್ನೂರು

ಉತ್ತರ: ಮಗಳಿಗೆ ನರ್ಸಿಂಗ್ ಕೊಡಿಸಿ ಅನ್ನುವವರು ಆಸ್ಪತ್ರೆಯ ನೈಟ್ ಡ್ಯೂಟಿ ಮರೆತಂತಿದೆ! ರಾತ್ರಿ ಪಾಳಿಯೇ ನಿಮ್ಮ ಭಯವಾದರೆ ನರ್ಸಿಂಗ್ ಅದಕ್ಕೆ ಪರಿಹಾರ ಅಲ್ಲ. ಮೆಕ್ಯಾನಿಕಲ್ ಓದಿದವರಿಗೆ ಡಿಸೈನ್, ಕ್ವಾಲಿಟಿ ವಿಭಾಗಗಳಲ್ಲೂ ಕೆಲಸ ಇರುತ್ತದೆ.

ಈ ನಗು ನಿಮ್ಮ ಊರಿನದ್ದಷ್ಟೇ ಅಲ್ಲ. ಹಲವು ದೇಶಗಳ ಶಾಲಾ ಮಕ್ಕಳ ಕಲಿಕೆ ಅಳೆಯುವ ಪಿಸಾ ಸಮೀಕ್ಷೆಯಲ್ಲಿ 2015ರಲ್ಲಿ, 30ನೇ ವಯಸ್ಸಿಗೆ ಏನಾಗಿರುತ್ತೀರಿ ಅಂತ 15 ವರ್ಷದ ಮಕ್ಕಳನ್ನು ಕೇಳಿದ್ದರು. ಒಇಸಿಡಿ ಅನ್ನುವ, ಹೆಚ್ಚಾಗಿ ಶ್ರೀಮಂತ ದೇಶಗಳ ಕೂಟದಲ್ಲಿ ವಿಜ್ಞಾನದ ಕೆಲಸ ಅಂದವರು ಹುಡುಗರಲ್ಲಿ ನೂರಕ್ಕೆ 25, ಹುಡುಗಿಯರಲ್ಲಿ 24. ಹೆಚ್ಚುಕಡಿಮೆ ಸಮ. ಆದರೆ ಡಾಕ್ಟರ್, ನರ್ಸ್ ಅಂದವರಲ್ಲಿ ಹುಡುಗಿಯರು ಸುಮಾರು ಮೂರು ಪಟ್ಟು. ಕಂಪ್ಯೂಟರ್ ಕೆಲಸ ಅಂದ ಹುಡುಗರು ನೂರಕ್ಕೆ 4.8, ಹುಡುಗಿಯರು ಬರೀ 0.4! ಇದು ಬುದ್ಧಿಯ ವ್ಯತ್ಯಾಸ ಅಂತ ನಾನು ಒಪ್ಪುವುದಿಲ್ಲ. ಮಕ್ಕಳು ತಮ್ಮಂಥವರು ಎಲ್ಲಿ ಕಾಣುತ್ತಾರೋ ಅಲ್ಲಿಗೇ ಆಸೆಪಡುತ್ತಾರೆ. ನಿಮ್ಮ ಮಗಳು ಆ ಸಾಲು ಬಿಟ್ಟು ಹೊರಟಿದ್ದಾಳೆ, ತಡೆಯಬೇಡಿ.

ಆದರೆ ಕಣ್ಣುಮುಚ್ಚಿ ಸೇರಿಸಬೇಡಿ. ಅವಳನ್ನೂ ಕರೆದುಕೊಂಡು ಪಾಲಿಟೆಕ್ನಿಕ್‌ಗೆ ಹೋಗಿ, ವರ್ಕ್‌ಶಾಪ್ ನೋಡಿ. ಲೋಹ ಕಡೆಯುವ ಲೇತ್ ಯಂತ್ರದ ಮೇಲೆ ಮಕ್ಕಳೇ ಕೆಲಸ ಮಾಡುತ್ತಾರಾ, ಸುಮ್ನೆ ನಿಂತು ನೋಡುತ್ತಾರಾ? ಬ್ರಾಂಚ್‌ನಲ್ಲಿ ಎಷ್ಟು ಹುಡುಗಿಯರಿದ್ದಾರೆ? ಹೋದ ವರ್ಷ ಅವರನ್ನು ಯಾವ ಕಂಪನಿ ತೆಗೆದುಕೊಂಡಿತು? ಟಾಯ್ಲೆಟ್ ಹೇಗಿದೆ ಅಂತಲೂ ನೋಡಿ, ನಾಚಿಕೆ ಬೇಡ. ಮುಂದೆ ಓದುವ ಮನಸ್ಸಾದರೆ ಡಿಪ್ಲೊಮಾ ಮುಗಿಸಿದವರಿಗಿರುವ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ನೇರ ಎರಡನೇ ವರ್ಷದ ಎಂಜಿನಿಯರಿಂಗ್ ಸೇರಬಹುದು. ಮನೆಯ ಆದಾಯ ವರ್ಷಕ್ಕೆ 8 ಲಕ್ಷದೊಳಗಿದ್ದರೆ ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ಎಐಸಿಟಿಇಯ ಪ್ರಗತಿ ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕಿಸಿ. ಸಿಕ್ಕರೆ ವರ್ಷಕ್ಕೆ 50,000 ರೂಪಾಯಿ. ಹುಡುಗಿಯರಿಗೆಂದೇ ಇರುವ ಯೋಜನೆ ಇದು, ಡಿಪ್ಲೊಮಾಕ್ಕೂ ಸಿಗುತ್ತದೆ.

ಇನ್ನು ಮಗನ ವಿಷಯ. ಐಸಿಯುನಲ್ಲಿ, ತುರ್ತು ಚಿಕಿತ್ಸಾ ವಿಭಾಗದಲ್ಲಿ ‘ಬ್ರದರ್’ಗಳನ್ನು ನೀವೇ ನೋಡಿರುತ್ತೀರಿ, ಅಲ್ವಾ? ಪಿಯುನಲ್ಲಿ ಅವನು ಬಯಾಲಜಿ ತೆಗೆದುಕೊಂಡಿದ್ದಾನಾ ಅಂತ ಮೊದಲು ನೋಡಿ. ಸರ್ಕಾರಿ ಕೆಲಸವನ್ನೇ ನಂಬಿಕೊಂಡಿದ್ದರೆ ಒಂದು ಮಾತು: ಏಮ್ಸ್ ನರ್ಸಿಂಗ್ ನೇಮಕಾತಿಯಲ್ಲಿ 2019ರಿಂದ ನೂರಕ್ಕೆ 80 ಹುದ್ದೆ ಮಹಿಳೆಯರಿಗೆ ಅಂತ ನಿಯಮ ಬಂತು. ಅರ್ಜಿ ಹಾಕುವ ಮೊದಲು ಆಯಾ ನೇಮಕಾತಿಯ ಪ್ರಕಟಣೆ ಓದಲು ಹೇಳಿ.