ಓದುಗರ ಪ್ರಶ್ನೆ: ಅಕ್ಷರ ಬ್ರೌಸರಿನಲ್ಲಿ ಜಾವಾಸ್ಕ್ರಿಪ್ಟ್

ಪ್ರಶ್ನೆ: ಒಂದು ಜಿಬಿ ಸ್ಮರಣೆಯ ಹಳೆಯ ಲ್ಯಾಪ್‌ಟಾಪಿಗೆ ಡೆಬಿಯನ್ ಲಿನಕ್ಸ್ ಹಾಕಿಕೊಂಡು, ಟರ್ಮಿನಲ್ಲಿನಲ್ಲಿ (ಆದೇಶಗಳನ್ನು ಬರೆಯುವ ಅಕ್ಷರ ಪರದೆಯಲ್ಲಿ) ಇಲಿಂಕ್ಸ್ ಎಂಬ ಅಕ್ಷರ ಬ್ರೌಸರ್ ಬಳಸುತ್ತಿದ್ದೇನೆ. ಸಂರಚನಾ ಕಡತದಲ್ಲಿ ಇಸಿಎಂಎಸ್ಕ್ರಿಪ್ಟ್ (ವೆಬ್ ಪುಟಗಳಲ್ಲಿ ಓಡುವ ಜಾವಾಸ್ಕ್ರಿಪ್ಟ್ ಭಾಷೆಯ ಮಾನಕ ಹೆಸರು) ಆಯ್ಕೆಗೆ ಒಂದು ಎಂಬ ಮೌಲ್ಯ ಕೊಟ್ಟರೂ ಹಲವು ಪುಟಗಳು ಖಾಲಿಯಾಗಿಯೇ ತೆರೆಯುತ್ತವೆ. ಎಲ್ಲಿ ತಪ್ಪಿದೆ?
— ಓದುಗರೊಬ್ಬರು, ಡೊಂಬಿವಲಿ

ಉತ್ತರ: ನೀವು ಬರೆದ ಸಾಲಿನಲ್ಲಿ ತಪ್ಪಿಲ್ಲ. ಆದರೆ ಆ ಆಯ್ಕೆಯು ಸ್ವಿಚ್ ಮಾತ್ರ. ಅದು ಚಾಲೂ ಮಾಡಬೇಕಾದ ಎಂಜಿನ್ನು, ಅಂದರೆ ಪುಟದ ಜಾವಾಸ್ಕ್ರಿಪ್ಟನ್ನು ಓದಿ ನಡೆಸುವ ಭಾಗ, ಬ್ರೌಸರನ್ನು ಕಂಪೈಲ್ ಮಾಡುವಾಗಲೇ (ಮೂಲಸಂಕೇತದಿಂದ ಓಡುವ ರೂಪಕ್ಕೆ ತರುವಾಗಲೇ) ಒಳಗೆ ಸೇರಿರಬೇಕು. ಲಿನಕ್ಸ್ ವಿತರಣೆಗಳು ಸಿದ್ಧಪಡಿಸಿ ಕೊಡುವ ಪ್ಯಾಕೇಜುಗಳಲ್ಲಿ ಅದು ಇರಲೇಬೇಕೆಂಬ ನಿಯಮವಿಲ್ಲ. ಟರ್ಮಿನಲ್ಲಿನಲ್ಲಿ ಇಲಿಂಕ್ಸ್ ಆದೇಶದ ನಂತರ ಜಾಗ ಬಿಟ್ಟು ಎರಡು ಅಡ್ಡಗೆರೆ, ಅದಕ್ಕೆ ಅಂಟಿಸಿ ‘ವರ್ಷನ್’ ಎಂದು ಬರೆದರೆ, ಒಳಗೊಂಡಿರುವ ಸೌಲಭ್ಯಗಳ ಪಟ್ಟಿ ಬರುತ್ತದೆ. ಅದರಲ್ಲಿ ಇಸಿಎಂಎಸ್ಕ್ರಿಪ್ಟ್ ಹೆಸರು ಕಾಣದಿದ್ದರೆ ಸಂರಚನಾ ಕಡತವನ್ನು ಎಷ್ಟು ತಿದ್ದಿದರೂ ಪ್ರಯೋಜನವಾಗದು.

ಆಗ ಉಳಿಯುವ ದಾರಿ ಮೂಲಸಂಕೇತದಿಂದ ಕಟ್ಟಿಕೊಳ್ಳುವುದು. ಈಗಿನ ಇಲಿಂಕ್ಸ್ ಆವೃತ್ತಿಗಳನ್ನು ಮೆಸನ್ ಎಂಬ ಉಪಕರಣದಿಂದ ಕಟ್ಟಬಹುದಾಗಿದ್ದು, ಎಂಜಿನ್ನಾಗಿ ಸ್ಪೈಡರ್‌ಮಂಕಿ, ಕ್ವಿಕ್‌ಜೆಎಸ್, ಮುಜೆಎಸ್ ಇವುಗಳಲ್ಲೊಂದನ್ನು ಆರಿಸಿಕೊಳ್ಳಲು ಅವಕಾಶವಿದೆ. ಸ್ಪೈಡರ್‌ಮಂಕಿ ಫೈರ್‌ಫಾಕ್ಸಿನದೇ ಎಂಜಿನ್. ನಿಮ್ಮ ಯಂತ್ರಕ್ಕೆ ಅದು ಭಾರ. ಮುಜೆಎಸ್ ಬಹಳ ಹಗುರ, ಆದರೆ ಅದು ಭಾಷೆಯ 5ನೆಯ ಆವೃತ್ತಿಯ ಮಟ್ಟದ್ದು. 2015ರ ಆವೃತ್ತಿಯಿಂದ ಬಳಕೆಗೆ ಬಂದ ಬರವಣಿಗೆಯ ಕ್ರಮಗಳು ಎದುರಾದರೆ ಇಡೀ ಸ್ಕ್ರಿಪ್ಟನ್ನೇ ಅದು ಕೈಬಿಡಬಹುದು, ಮತ್ತು ಇಂದಿನ ಹೆಚ್ಚಿನ ಪುಟಗಳು ಆ ಕ್ರಮಗಳಲ್ಲೇ ಇರುತ್ತವೆ. ಫ್ಯಾಬ್ರಿಸ್ ಬೆಲಾರ್ 2019ರಲ್ಲಿ ಹೊರತಂದ ಕ್ವಿಕ್‌ಜೆಎಸ್ ಗಾತ್ರದಲ್ಲಿ ಚಿಕ್ಕದಾಗಿದ್ದೂ ಹೊಸ ಭಾಷೆಯನ್ನು ಅರಿತಿರುವುದರಿಂದ ನಿಮಗೆ ನನ್ನ ಸಲಹೆ ಅದೇ. ಅದರ ಡೆವಲಪ್‌ಮೆಂಟ್ ಪ್ಯಾಕೇಜನ್ನು (ಕಟ್ಟುವಾಗ ಬೇಕಾಗುವ ಕಡತಗಳ ಕಟ್ಟು) ಮೊದಲು ಸ್ಥಾಪಿಸಿ, ಮೆಸನ್‌ಗೆ ಕ್ವಿಕ್‌ಜೆಎಸ್ ಆಯ್ಕೆ ‘ಟ್ರೂ’ ಎಂದು ತಿಳಿಸಿ ಕಟ್ಟಿರಿ. ನೀವು ಈಗಾಗಲೇ ಬರೆದಿಟ್ಟ ಸಾಲಿಗೆ ಅರ್ಥ ಬರುವುದು ಆಮೇಲೆ.

ಇಷ್ಟಾದರೂ ಎಲ್ಲ ಪುಟಗಳೂ ತೆರೆದುಕೊಳ್ಳುವುದಿಲ್ಲ. ಎಂಜಿನ್ ಭಾಷೆಯನ್ನು ಮಾತ್ರ ನಡೆಸುತ್ತದೆ. ಪುಟದ ಅಂಗಾಂಗಗಳ ಮಾದರಿ, ಕ್ಲಿಕ್ಕಿಗೆ ಓಗೊಡುವ ವ್ಯವಸ್ಥೆ, ಹಿನ್ನೆಲೆಯಲ್ಲಿ ಸರ್ವರಿನಿಂದ ಮಾಹಿತಿ ತರುವ ಕ್ರಮ, ಇವೆಲ್ಲವನ್ನೂ ಬ್ರೌಸರೇ ಒದಗಿಸಬೇಕು, ಮತ್ತು ಇಲಿಂಕ್ಸ್ ಅದನ್ನು ಭಾಗಶಃ ಮಾತ್ರ ಒದಗಿಸುತ್ತದೆ. ಫಾರ್ಮಿನ ಬಟನ್ನು, ಚಿಕ್ಕಪುಟ್ಟ ಮೆನು, ಸ್ಕ್ರಿಪ್ಟ್ ಮೂಲಕ ಬೇರೆ ಪುಟಕ್ಕೆ ಕಳಿಸುವಿಕೆ, ಇಷ್ಟನ್ನು ನಿರೀಕ್ಷಿಸಬಹುದು. ರೈಲ್ವೆ ಟಿಕೆಟ್ ಕಾದಿರಿಸುವಂಥ, ಇಡೀ ಪುಟವೇ ಸ್ಕ್ರಿಪ್ಟಿನಿಂದ ಹುಟ್ಟುವ ತಾಣಗಳ ಆಸೆ ಬೇಡ. ಲಿಂಕ್ಸ್ (Links) ಎಂಬ ಹಿರಿಯ ಬ್ರೌಸರ್ ಒಮ್ಮೆ ಅಳವಡಿಸಿಕೊಂಡಿದ್ದ ಜಾವಾಸ್ಕ್ರಿಪ್ಟನ್ನು ಮುಂದೆ ತೆಗೆದೇ ಹಾಕಿತು. ಅರೆಬರೆ ಬೆಂಬಲಕ್ಕಿಂತ ಅದೇ ಲೇಸೆಂದು ನನಗೂ ಕೆಲವೊಮ್ಮೆ ಅನಿಸುವುದುಂಟು. ಸುದ್ದಿ ಓದುವುದಷ್ಟೇ ನಿಮ್ಮ ಉದ್ದೇಶವಾಗಿದ್ದರೆ, ಹೊಸ ಬರಹಗಳನ್ನು ಸರಳ ಪಟ್ಟಿಯಾಗಿ ಕೊಡುವ ಆರ್‌ಎಸ್‌ಎಸ್ ಫೀಡ್ ಆಯಾ ತಾಣಕ್ಕೆ ಇದೆಯೇ ಎಂದು ಮೊದಲು ನೋಡಿ.

ಪ್ರಶ್ನೆ: ಮಳೆಗಾಲದಲ್ಲಿ ನಮ್ಮಲ್ಲಿ ನೆಟ್ ಬಹಳ ನಿಧಾನ. ಪೂರ್ಣ ಜಾವಾಸ್ಕ್ರಿಪ್ಟ್ ಇರುವ ಅಕ್ಷರ ಬ್ರೌಸರ್ ಇದೆಯೇ?
— ಓದುಗರೊಬ್ಬರು, ವಾಸ್ಕೊ, ಗೋವಾ

ಉತ್ತರ: ಇದೆ, ಎರಡು. ಬ್ರೌಶ್ ತನ್ನ ಹಿಂದೆ ಫೈರ್‌ಫಾಕ್ಸನ್ನು ಕಿಟಕಿಯಿಲ್ಲದೆ ಓಡಿಸಿ, ಅದು ರೂಪಿಸಿದ ಪುಟವನ್ನು ಅಕ್ಷರಗಳಾಗಿಯೂ ಬಣ್ಣದ ಚೌಕಗಳಾಗಿಯೂ ಟರ್ಮಿನಲ್ಲಿಗೆ ಕಳಿಸುತ್ತದೆ; ಕಾರ್ಬೊನಿಲ್ ಇದೇ ಬಗೆಯ ಕೆಲಸವನ್ನು ಕ್ರೋಮಿಯಂ (ಗೂಗಲ್ ಕ್ರೋಮಿನ ಮೂಲ ಬ್ರೌಸರ್) ಆಧಾರದ ಮೇಲೆ ಮಾಡುತ್ತದೆ. ಎರಡರಲ್ಲೂ ಸ್ಕ್ರಿಪ್ಟಿಗಾಗಿ ಬೇರೆ ಸಿದ್ಧತೆ ಬೇಕಿಲ್ಲ. ಆದರೆ ನಿಮ್ಮ ಮನೆಯ ಯಂತ್ರದಲ್ಲೇ ಓಡಿಸಿದರೆ ಪುಟದ ಚಿತ್ರ, ಸ್ಕ್ರಿಪ್ಟು ಎಲ್ಲವೂ ನಿಮ್ಮ ನಿಧಾನದ ನೆಟ್ಟಿನಲ್ಲೇ ಇಳಿಯಬೇಕಾಗುವುದರಿಂದ ಏನೂ ಉಳಿತಾಯವಾಗದು. ವೇಗದ ಸಂಪರ್ಕವಿರುವ ಬಾಡಿಗೆ ಸರ್ವರಿನಲ್ಲಿ ಬ್ರೌಶ್ ಸ್ಥಾಪಿಸಿ, ಎಸ್‌ಎಸ್‌ಎಚ್ (ದೂರದ ಯಂತ್ರದ ಟರ್ಮಿನಲ್ಲಿಗೆ ಸುರಕ್ಷಿತವಾಗಿ ಸೇರಿಸುವ ಸಾಧನ) ಮೂಲಕ ಒಳಹೊಕ್ಕರೆ ಭಾರವೆಲ್ಲ ಅಲ್ಲೇ ಇಳಿದು, ನಿಮ್ಮ ಕಡೆಗೆ ಪರದೆಯ ಅಕ್ಷರಗಳಷ್ಟೇ ಹರಿದುಬರುತ್ತವೆ. ಸಂಪರ್ಕ ಪದೇ ಪದೇ ಕಡಿಯುತ್ತಿದ್ದರೆ ಎಸ್‌ಎಸ್‌ಎಚ್ ಬದಲು ಮಾಶ್ ಎಂಬ ಅಂಥದೇ ಸಾಧನ ಬಳಸಿರಿ. ನೆಟ್ ಹೋಗಿ ಬಂದರೂ ಅದು ಕೂತಲ್ಲಿಂದಲೇ ಮುಂದುವರಿಯುತ್ತದೆ. ಹೀಗೆ ಓದುವಾಗ ನೀವು ಒತ್ತುವ ಪ್ರತಿ ಅಕ್ಷರವೂ ಆ ಸರ್ವರನ್ನು ಹಾದುಹೋಗುವುದರಿಂದ, ಬ್ಯಾಂಕಿನ ಗುಪ್ತಪದವನ್ನು ಅಲ್ಲಿ ಬರೆಯಬೇಡಿ.