ಅಮೆರಿಕದ ದಿನಸಿ ಅಂಗಡಿಗಳ ಸರಣಿ ಪಿಗ್ಲಿ ವಿಗ್ಲಿ ಚೆನ್ನಾಗಿ ನಡೆಯುತ್ತಿದ್ದರೂ ಅದನ್ನು ಕಟ್ಟಿದ ಕ್ಲಾರೆನ್ಸ್ ಸಾಂಡರ್ಸ್ ಅದನ್ನು ಕಳೆದುಕೊಂಡದ್ದು ಹೇಗೆ?

ಅವರನ್ನು ಮುಳುಗಿಸಿದ್ದು ಸಾಲ ಮಾಡಿ ಕೊಂಡ ಸ್ವಂತ ಕಂಪನಿಯ ಷೇರುಗಳು. ದಿನಸಿ ವ್ಯಾಪಾರದಲ್ಲಿ ಅವರ ಲೆಕ್ಕ ತಪ್ಪಿರಲಿಲ್ಲ.

ಆಗೆಲ್ಲ ಗಿರಾಕಿ ಚೀಟಿ ಕೊಡಬೇಕು, ಗುಮಾಸ್ತ ಒಳಗಿನಿಂದ ಸಾಮಾನು ತಂದು ಕಟ್ಟಿಕೊಡಬೇಕು. ಮೇಲೆ ಉದ್ರಿ, ಮನೆಗೆ ತಲುಪಿಸುವ ಖರ್ಚು. 1916ರ ಸೆಪ್ಟೆಂಬರ್ 6ರಂದು ಅಮೆರಿಕದ ಮೆಂಫಿಸ್‌ನಲ್ಲಿ ತೆರೆದ ಮೊದಲ ಪಿಗ್ಲಿ ವಿಗ್ಲಿಯಲ್ಲಿ ಸಾಂಡರ್ಸ್ ಇದನ್ನೆಲ್ಲ ಕಿತ್ತುಹಾಕಿದರು. ತಿರುಗುವ ಗೇಟು ದಾಟಿ ಬುಟ್ಟಿ ಹಿಡಿದು ಹೊರಟರೆ ಒಂದೇ ದಾರಿ; ಅದು ಪ್ರತಿ ಕಪಾಟಿನ ಮುಂದೆಯೂ ಸುತ್ತಿಸಿ ಕೊನೆಗೆ ಗಲ್ಲಾಪೆಟ್ಟಿಗೆಗೆ ತಂದು ಬಿಡುತ್ತಿತ್ತು. ಪ್ರತಿ ವಸ್ತುವಿಗೂ ಬೆಲೆಚೀಟಿ, ನಗದು ಮಾತ್ರ. ಸಂಬಳದ ಖರ್ಚು ಇಳಿಯಿತು, ಬೆಲೆಯೂ ಇಳಿಯಿತು. 1917ರಲ್ಲಿ ಈ ವಿನ್ಯಾಸಕ್ಕೆ ಪೇಟೆಂಟ್ ಸಿಕ್ಕಿತು. ಇಂದು ಬೆಂಗಳೂರಿನ ಸೂಪರ್ ಮಾರ್ಕೆಟ್‌ನಲ್ಲಿ ನಾವೇ ಆರಿಸಿಕೊಂಡು ಬಿಲ್ಲಿಂಗ್ ಕೌಂಟರ್‌ಗೆ ಬರುವ ಕ್ರಮದ ಮೂಲ ಅಲ್ಲೇ ಇದೆ.

1922ರ ಕೊನೆಗೆ ನ್ಯೂಯಾರ್ಕ್ ಕಡೆ ಫ್ರಾಂಚೈಸಿ ಪಡೆದಿದ್ದ ಕೆಲವರು ನೆಲಕಚ್ಚಿದರು. ಅವು ಸಾಂಡರ್ಸ್ ನಡೆಸುತ್ತಿದ್ದ ಅಂಗಡಿಗಳಲ್ಲ, ಹೆಸರು ಮಾತ್ರ ಒಂದೇ. ಅಷ್ಟು ಸಾಕಾಯಿತು: ದಲ್ಲಾಳಿಗಳು ಷೇರು ಎರವಲು ತಂದು ಮಾರತೊಡಗಿದರು, ಬೆಲೆ ಬಿದ್ದ ಮೇಲೆ ಅಗ್ಗಕ್ಕೆ ಕೊಂಡು ಹಿಂತಿರುಗಿಸುವ ಲೆಕ್ಕದಲ್ಲಿ. ಸಾಂಡರ್ಸ್ ಬ್ಯಾಂಕುಗಳಿಂದ ಸುಮಾರು 1 ಕೋಟಿ ಡಾಲರ್ ಸಾಲ ತಂದು, ಪೇಟೆಯಲ್ಲಿದ್ದ 2 ಲಕ್ಷ ಷೇರುಗಳಲ್ಲಿ ಬಹುಪಾಲನ್ನು ಕೊಂಡುಬಿಟ್ಟರು. ಎರವಲು ತೀರಿಸಬೇಕಾದವರು ಇನ್ನು ಅವರನ್ನೇ ಕೇಳಬೇಕು. 1923ರ ಮಾರ್ಚ್ 20ರಂದು ಸಾಂಡರ್ಸ್ ಷೇರು ಒಪ್ಪಿಸಿ ಎಂದು ಪಟ್ಟು ಹಿಡಿದಾಗ, ಕೆಲವು ತಿಂಗಳ ಹಿಂದೆ 40ರ ಆಸುಪಾಸಿನಲ್ಲಿದ್ದ ಬೆಲೆ 124 ಡಾಲರ್ ಮುಟ್ಟಿತು.

ಆಗ ನ್ಯೂಯಾರ್ಕ್ ಷೇರು ವಿನಿಮಯ ಕೇಂದ್ರ ವಹಿವಾಟು ನಿಲ್ಲಿಸಿ, ಒಪ್ಪಿಸುವ ಗಡುವನ್ನೂ ಮುಂದೂಡಿತು. ಸಿಕ್ಕಿಬಿದ್ದವರಿಗೆ ಊರೂರಿನ ಸಣ್ಣ ಷೇರುದಾರರನ್ನು ಹುಡುಕಲು ಸಮಯ ಸಿಕ್ಕಿತು. ನನ್ನ ದೃಷ್ಟಿಯಲ್ಲಿ ಇದು ಅನ್ಯಾಯವೇ. ಆದರೂ ಯೋಜನೆಯ ದೊಡ್ಡ ಬಿರುಕು ಬೇರೆ ಕಡೆ ಇತ್ತು: ಎಲ್ಲ ಷೇರೂ ಒಬ್ಬರ ಕೈಯಲ್ಲಿದ್ದರೆ ಕೊಳ್ಳುವವರು ಯಾರು? ಮಾರಲು ಹೊರಟರೆ ಬೆಲೆ ಕುಸಿಯುತ್ತದೆ, ಇಟ್ಟುಕೊಂಡರೆ ಸಾಲದ ಕಂತು ನಿಲ್ಲುವುದಿಲ್ಲ. ಅದೇ ಆಗಸ್ಟ್‌ನಲ್ಲಿ ಕಂಪನಿ ಕೈತಪ್ಪಿತು. ಕಟ್ಟಿಸುತ್ತಿದ್ದ ಗುಲಾಬಿ ಬಣ್ಣದ ಕಲ್ಲಿನ ಅರಮನೆಯೂ ಹೋಯಿತು. ಅದು ಮುಂದೆ ಮೆಂಫಿಸ್‌ನ ವಸ್ತುಸಂಗ್ರಹಾಲಯವಾಯಿತು.

ಮತ್ತೆ ಕಟ್ಟಿದ ಅಂಗಡಿಗಳ ಸರಣಿ ಮಹಾ ಆರ್ಥಿಕ ಕುಸಿತದಲ್ಲಿ ಮುಳುಗಿತು. 1937ರಲ್ಲಿ 'ಕೀಡೂಜಲ್' ಎಂಬ ಯಂತ್ರದ ಅಂಗಡಿ ತೆರೆದರು: ಗಾಜಿನ ಹಿಂದಿನ ಮಾದರಿ ನೋಡಿ ಕೀಲಿ ತೂರಿಸಿದರೆ ಸಾಮಾನು ಬೆಲ್ಟಿನ ಮೇಲೆ ಗಲ್ಲಾಪೆಟ್ಟಿಗೆಗೆ ಬರಬೇಕು. ಜನ ಹೆಚ್ಚಾದಾಗ ಆಗಿನ ವಿದ್ಯುತ್ ಜಾಲ ತಡೆಯಲಿಲ್ಲ, ಒಬ್ಬರ ಸಾಮಾನು ಇನ್ನೊಬ್ಬರದಕ್ಕೆ ಬೆರೆಯುತ್ತಿತ್ತು. 1949ರ ಹೊತ್ತಿಗೆ ಅದೂ ಮುಚ್ಚಿತು. 1953ರಲ್ಲಿ ತೀರಿಕೊಂಡಾಗ ಸಾಂಡರ್ಸ್ ಇನ್ನೊಂದು ಸ್ವಯಂಚಾಲಿತ ಅಂಗಡಿಯ ತಯಾರಿಯಲ್ಲಿದ್ದರು.