ಹುಂಡೈ ನಾಸ್ಕಾರ್‌ಗೆ ಬರಲಿ, ಆದರೆ ಮೊದಲು ತಂಡ ಹಿಡಿಯಲಿ

ಮೇಲೆ ಹುಂಡೈ ಬಗ್ಗೆ ಬರೆದಿರುವ ಸರ್, ಈ ಉತ್ತರ ನಿಮಗೆ. ಸ್ವಲ್ಪ ಉದ್ದ ಆಗುತ್ತದೆ, ಪೂರ್ತಿ ಓದಿ. ನೀವು ಹೇಳಿದ್ದು ಇಷ್ಟು: ಅಲಬಾಮಾದ ಮಾಂಟ್‌ಗೊಮರಿಯಲ್ಲಿ ಅವರ ಫ್ಯಾಕ್ಟರಿ ಇದೆ, ದುಡ್ಡಿದೆ, ಫ್ರಾನ್ಸಿನ ಲೆ ಮಾನ್ಸ್ ರೇಸ್‌ಗೆ ತಮ್ಮದೇ ಜೆನೆಸಿಸ್ ಬ್ರ್ಯಾಂಡಿನ ಕಾರು ಕಟ್ಟಿದ್ದಾರೆ. ಹಾಗಾಗಿ ಸ್ವಂತ ತಂಡ ಕಟ್ಟಿಕೊಂಡು ಅಮೆರಿಕದ ನಾಸ್ಕಾರ್ ಕಾರ್ ರೇಸಿಂಗ್‌ನ ಮೇಲಿನ ಹಂತವಾದ ಕಪ್ ಸೀರೀಸ್‌ಗೆ ನೇರ ಇಳಿದರೆ ಎರಡು ವರ್ಷದಲ್ಲಿ ಅದರ ದೊಡ್ಡ ರೇಸ್ ಡೇಟೋನಾ 500 ಗೆಲ್ಲಬಹುದು. ಟೊಯೋಟಾ ಬಂದಾಗ ನಾನೂ ಇದೇ ಲೆಕ್ಕ ಹಾಕಿದ್ದೆ. ದುಡ್ಡು, ಫ್ಯಾಕ್ಟರಿ ಎಲ್ಲ ಎಣಿಸಿದ್ದೀರಿ, ತಂಡವನ್ನು ಮಾತ್ರ ಬಿಟ್ಟಿದ್ದೀರಿ.

ವಿದೇಶಿ ಕಂಪನಿ ಬರಬೇಕಾ ಅಂದರೆ ಖಂಡಿತ ಬರಲಿ. ಷೆವಿ (ಷೆವ್ರೊಲೆ), ಫೋರ್ಡ್, ಟೊಯೋಟಾ ಮೂರನ್ನೇ ಎಷ್ಟು ವರ್ಷ ನೋಡೋದು? ಆದರೆ ಗೆದ್ದ ಅನುಭವ ಇರುವ ತಂಡ ಕೈಗೆ ಸಿಗುವ ತನಕ ಕಪ್ ಕಡೆ ತಲೆ ಹಾಕಬಾರದು.

2007 ನೆನಪಿಸಿಕೊಳ್ಳಿ. ಟೊಯೋಟಾ ಅವಸರದಲ್ಲಿ ಬಂದ ಕಂಪನಿ ಅಲ್ಲ. 2000ದಲ್ಲಿ ಸಣ್ಣ ಕಾರುಗಳ ಗೂಡೀಸ್ ಡ್ಯಾಶ್ ಸೀರೀಸ್‌ನಲ್ಲಿ ಸೆಲಿಕಾ ಓಡಿಸಿತು. 2004ರಲ್ಲಿ ಟಂಡ್ರಾ ಪಿಕಪ್ ಹಿಡಿದು ನಾಸ್ಕಾರ್‌ನ ಮೂರನೇ ಹಂತವಾದ ಟ್ರಕ್ ಸೀರೀಸ್‌ಗೆ ಬಂತು, ಅದೇ ವರ್ಷ ಮಿಷಿಗನ್‌ನಲ್ಲಿ ಟ್ರಾವಿಸ್ ಕ್ವಾಪಿಲ್ ಗೆದ್ದರು. 2006ರಲ್ಲಿ ಟಾಡ್ ಬೊಡೈನ್ ಟ್ರಕ್ ಚಾಂಪಿಯನ್ ಆದರು. ಆಮೇಲೆ 2007ಕ್ಕೆ ಕ್ಯಾಮ್ರಿ ಹಿಡಿದು ಕಪ್‌ಗೆ ಬಂದರು. ಇಷ್ಟೆಲ್ಲ ತಯಾರಿ ಇದ್ದೂ ಆ ವರ್ಷ ಒಂದೇ ಒಂದು ರೇಸ್ ಗೆಲ್ಲಲಿಲ್ಲ. ಯಾಕೆ? ಬಿಲ್ ಡೇವಿಸ್ ತಂಡ ಬಿಟ್ಟರೆ ಉಳಿದವರು ಹೆಚ್ಚುಕಡಿಮೆ ಹೊಸಬರು. ಟೀಮ್ ರೆಡ್ ಬುಲ್ ಹೊಸದು. ಮೈಕಲ್ ವಾಲ್ಟ್ರಿಪ್ ತಂಡ ಪೂರ್ಣ ಸೀಸನ್‌ಗೆ ಮೂರು ಕಾರು ಹೊರಡಿಸಿದ್ದೇ ಆಗ. ಆ ಕಾಲಕ್ಕೆ ಪಾಯಿಂಟ್ಸ್‌ನಲ್ಲಿ ಮೊದಲ 35ರೊಳಗಿದ್ದ ಕಾರುಗಳಿಗೆ ಜಾಗ ಖಾತ್ರಿ, ಉಳಿದವರು ವೇಗ ತೋರಿಸಿಯೇ ಒಳಗೆ ಬರಬೇಕಿತ್ತು. ಶುರುವಿನ ರೇಸ್‌ಗಳಿಗೆ ಹಿಂದಿನ ವರ್ಷದ ಪಾಯಿಂಟ್ಸ್ ಲೆಕ್ಕ. ಹೊಸ ತಂಡಕ್ಕೆ ಹಿಂದಿನ ವರ್ಷ ಎಲ್ಲಿಂದ ಬರಬೇಕು?

ಡೇಟೋನಾದಲ್ಲಿ ಆದದ್ದಂತೂ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಕ್ವಾಲಿಫೈಯಿಂಗ್ ಹೊತ್ತಿಗೆ ವಾಲ್ಟ್ರಿಪ್ ಕಾರಿನ ಇನ್‌ಟೇಕ್ ಮ್ಯಾನಿಫೋಲ್ಡ್‌ಗೆ (ಇಂಜಿನ್‌ಗೆ ಗಾಳಿ ಒಯ್ಯುವ ಭಾಗ) ಕೈ ಹಾಕಿದ ಇನ್‌ಸ್ಪೆಕ್ಟರ್‌ಗೆ ಅಲ್ಲಿ ಇರಬಾರದ ಲೋಳೆಯಂಥ ಪದಾರ್ಥ ಸಿಕ್ಕಿತು. ನಾಸ್ಕಾರ್ ಕಾರನ್ನೇ ಕಿತ್ತುಕೊಂಡಿತು. ಕಾರಿನ ಕೆಲಸಗಾರರ ಮುಖ್ಯಸ್ಥ ಕ್ರೂ ಚೀಫ್‌ನನ್ನು ಹೊರಗೆ ಹಾಕಿ 1,00,000 ಡಾಲರ್ ದಂಡ ಹಾಕಿತು, ಚಾಲಕನ 100 ಪಾಯಿಂಟ್ಸ್ ಕಡಿತ ಮಾಡಿತು. ವಾಲ್ಟ್ರಿಪ್ ಬೇರೆ ಕಾರಲ್ಲಿ ಹೇಗೋ ಡೇಟೋನಾ 500 ಓಡಿಸಿದರು. ಆದರೂ ರೇಸ್ ಮುಗಿದ ಮೇಲೆ ಅವರ ಲೆಕ್ಕದಲ್ಲಿ ಪಾಯಿಂಟ್ಸ್ ಸೊನ್ನೆಗಿಂತ ಕೆಳಗೇ ಇತ್ತು. ನಂತರ ಸತತ 11 ರೇಸ್‌ಗಳಿಗೆ ಕ್ವಾಲಿಫೈ ಆಗಲಿಲ್ಲ. ಕಂಪನಿ ಮೊದಲ ಸಲ ದೊಡ್ಡ ವೇದಿಕೆಗೆ ಹತ್ತಿದ ವಾರವೇ ಪೇಪರ್ ತುಂಬ ಮೋಸದ ಸುದ್ದಿ. ಇಂಜಿನ್ ಕಟ್ಟಿದ ಎಂಜಿನಿಯರ್‌ಗಳ ಶ್ರಮದ ಬಗ್ಗೆ ಯಾರೂ ಒಂದು ಸಾಲು ಬರೆಯಲಿಲ್ಲ.

2008ಕ್ಕೆ ಜೋ ಗಿಬ್ಸ್ ತಂಡ ಷೆವಿ ಬಿಟ್ಟು ಟೊಯೋಟಾಗೆ ಬಂತು. ಆ ಹೊತ್ತಿಗೆ ಮೂರು ಸಲ ಕಪ್ ಗೆದ್ದಿದ್ದ ತಂಡ, ಇಂಜಿನ್ ಕೂಡ ತಮ್ಮ ಶಾಪ್‌ನಲ್ಲೇ ಕಟ್ಟುತ್ತಿದ್ದವರು. ಸೀಸನ್ನಿನ ನಾಲ್ಕನೇ ರೇಸ್, ಅಟ್ಲಾಂಟಾದಲ್ಲಿ ಕೈಲ್ ಬುಷ್ ಗೆದ್ದರು. 1954ರಲ್ಲಿ ನ್ಯೂಜರ್ಸಿಯ ಲಿಂಡನ್ ಏರ್‌ಪೋರ್ಟ್‌ನಲ್ಲಿ ಆಲ್ ಕೆಲರ್ ಜಾಗ್ವಾರ್ ಓಡಿಸಿ ಗೆದ್ದಿದ್ದರಲ್ಲ, ಅದಾದ ಮೇಲೆ ವಿದೇಶಿ ಕಾರಿಗೆ ಸಿಕ್ಕ ಮೊದಲ ಗೆಲುವು ಇದೇ. ಆ ವರ್ಷ ಗಿಬ್ಸ್ ತಂಡದ್ದೇ ಒಟ್ಟು ಹತ್ತು ಗೆಲುವು, ಅದರಲ್ಲಿ ಎಂಟು ಕೈಲ್ ಬುಷ್‌ದು. ಅದೇ ಕಂಪನಿ, ಅದೇ ಕ್ಯಾಮ್ರಿ. ಬದಲಾಗಿದ್ದು ತಂಡ ಅಷ್ಟೇ.

ಹಾಗೆ ಗೆಲ್ಲೋಕೆ ಶುರು ಮಾಡಿದರೆ ಇನ್ನೊಂದು ತೊಂದರೆ ಕಾದಿರುತ್ತದೆ. ಅದೇ 2008ರಲ್ಲಿ ಎರಡನೇ ಹಂತದ ನೇಷನ್‌ವೈಡ್ ಸೀರೀಸ್‌ನಲ್ಲಿ ಟೊಯೋಟಾ ಜಾಸ್ತಿ ಗೆಲ್ಲುತ್ತಿದೆ ಅಂತ ಮಧ್ಯ ಸೀಸನ್ನಿನಲ್ಲೇ ನಿಯಮ ಬಂತು. ಸಿಲಿಂಡರ್‌ಗಳ ನಡುವಿನ ಅಂತರ ಇಷ್ಟಕ್ಕಿಂತ ಜಾಸ್ತಿ ಇರುವ ಇಂಜಿನ್‌ಗೆ ಸಣ್ಣ ತೂತಿನ ಸ್ಪೇಸರ್ ಅಂದರು, ಅಂದರೆ ಒಳಗೆ ಹೋಗುವ ಗಾಳಿ ಕಡಿಮೆ, ಪವರ್ ಕಡಿಮೆ. ಅಂಥ ಇಂಜಿನ್ ಇದ್ದದ್ದು ಟೊಯೋಟಾ ಒಂದಕ್ಕೇ. ಅದಾದ ಮೇಲೆ ಮಿಷಿಗನ್‌ನಲ್ಲಿ ರೇಸ್ ಮುಗಿದು ಕಾರುಗಳನ್ನು ಪವರ್ ಅಳೆಯುವ ಡೈನೋ ಯಂತ್ರದ ಮೇಲೆ ಹತ್ತಿಸಿದಾಗ ಗಿಬ್ಸ್ ತಂಡದ ಎರಡು ಕಾರುಗಳ ಆಕ್ಸಿಲರೇಟರ್ ಪೆಡಲ್ ಕೆಳಗೆ ಮ್ಯಾಗ್ನೆಟ್ ಸಿಕ್ಕವು. ಪೆಡಲ್ ಪೂರ್ತಿ ಒತ್ತದಂತೆ ಅಡ್ಡ ಇಟ್ಟು ಪವರ್ ಕಡಿಮೆ ತೋರಿಸುವ ಉಪಾಯ. ಏಳು ಜನ ಸಸ್ಪೆಂಡ್ ಆದರು. ಮ್ಯಾಗ್ನೆಟ್ ಇಟ್ಟದ್ದು ತಪ್ಪೇ, ನಾನು ಸಮರ್ಥಿಸುವುದಿಲ್ಲ. ಆದರೆ ಹೊರಗಿನಿಂದ ಬರುವ ಕಂಪನಿ ಇಂಥ ದಿನಕ್ಕೂ ಮೊದಲೇ ಮನಸ್ಸು ಗಟ್ಟಿ ಮಾಡಿಕೊಂಡಿರಬೇಕು.

ತಂಡ ಇಲ್ಲದಿದ್ದರೆ ಅಮೆರಿಕನ್ ಕಂಪನಿಯ ಗತಿಯೂ ಅಷ್ಟೇ. 2012ರಲ್ಲಿ ಬ್ರಾಡ್ ಕೆಸಲೋವ್ಸ್ಕಿ ಡಾಡ್ಜ್‌ನಲ್ಲಿ ಕಪ್ ಗೆದ್ದರು. ಆ ಸೀಸನ್ ಮುಗಿಯುತ್ತಿದ್ದಂತೆ ಡಾಡ್ಜ್ ಹೊರಟುಹೋಯಿತು. ಕಾರಣ ಸರಳ: ಪೆನ್ಸ್ಕಿ ತಂಡ 2013ಕ್ಕೆ ಫೋರ್ಡ್ ಕಡೆ ಹೋಯಿತು, ಅವರ ಬದಲಿಗೆ ಆ ಮಟ್ಟದ ಇನ್ನೊಂದು ತಂಡ ಡಾಡ್ಜ್‌ಗೆ ಸಿಗಲಿಲ್ಲ. ಚಾಂಪಿಯನ್ ಕಾರಿನ ಕಂಪನಿಗೇ ಹೀಗಾದರೆ ನಿಮ್ಮ ಹುಂಡೈಗೆ ಏನಾಗಬಹುದು, ನೀವೇ ಯೋಚಿಸಿ.

ಈಗ ನೀವು "2022ರ ನೆಕ್ಸ್ಟ್ ಜೆನ್ ಕಾರು ಬಂದ ಮೇಲೆ ಎಲ್ಲ ಸುಲಭ" ಅಂದಿದ್ದೀರಿ. ಅರ್ಧ ಸರಿ. ನಾನಿರೋದು ಷಾರ್ಲಟ್ ಹತ್ತಿರ, ಕೋಕಾ-ಕೋಲಾ 600 ಸಮಯದಲ್ಲಿ ಗ್ಯಾರೇಜ್ ಪಾಸ್ ಸಿಕ್ಕಾಗ ಕಾರುಗಳನ್ನು ಹತ್ತಿರದಿಂದ ನೋಡಿದ್ದೇನೆ. ಹೆಡ್‌ಲೈಟ್ ಅನ್ನೋದು ಸ್ಟಿಕ್ಕರ್. ತೆರೆಯುವ ಬಾಗಿಲಿಲ್ಲ, ಕಿಟಕಿಯ ಬಲೆ ಇಳಿಸಿ ಒಳಗೆ ಹತ್ತಬೇಕು. ಚಕ್ರಕ್ಕೆ ಮೊದಲಿನಂತೆ ಐದು ನಟ್ ಅಲ್ಲ, ನಡುವೆ ದಪ್ಪನೆಯ ಒಂದೇ ನಟ್. ಷಾಸಿ, ಗೇರ್‌ಬಾಕ್ಸ್, ಚಕ್ರ, ಬ್ರೇಕ್ ಎಲ್ಲರಿಗೂ ಒಂದೇ ಕಡೆಯಿಂದ. ಕಂಪನಿಯದ್ದು ಅಂತ ಉಳಿಯೋದು ಮೇಲಿನ ಬಾಡಿಯ ಆಕಾರ ಮತ್ತು ಇಂಜಿನ್.

ಆ ಇಂಜಿನ್ನೇ ದೊಡ್ಡ ಗುಡ್ಡ. 358 ಕ್ಯೂಬಿಕ್ ಇಂಚಿನ, ಹಳೇ ಮಾದರಿಯ ಪುಷ್‌ರಾಡ್ ವಿ8 (ಎಂಟು ಸಿಲಿಂಡರ್). ಹುಂಡೈ, ಹೋಂಡಾ ಶೋರೂಮಿನಲ್ಲಿ ಇದಕ್ಕೆ ಹತ್ತಿರದ ನೆಂಟ ಕೂಡ ಇಲ್ಲ. ಟೊಯೋಟಾದ್ದೂ ಅಮೆರಿಕದ ರಸ್ತೆ ಕಾರಿನಿಂದ ಎತ್ತಿಕೊಂಡದ್ದಲ್ಲ. ಕ್ಯಾಲಿಫೋರ್ನಿಯಾದ ಕೋಸ್ಟಾ ಮೇಸಾದಲ್ಲಿ ಅವರ ರೇಸಿಂಗ್ ವಿಭಾಗ ಟಿಆರ್‌ಡಿ ರೇಸಿಗೆಂದೇ ಕಟ್ಟಿದ್ದು. ಲೆ ಮಾನ್ಸ್ ಹೈಪರ್‌ಕಾರ್ ಕಟ್ಟಿದ ಕೈಗೆ ಇದು ತಾನಾಗೇ ಬರುತ್ತದೆ ಅನ್ನಬೇಡಿ, ಅದು ಬೇರೆಯೇ ವಿದ್ಯೆ. ಇನ್ನು ಚಾರ್ಟರ್, ಅಂದರೆ ಪ್ರತಿ ಕಪ್ ರೇಸಿಗೂ ಕಾರಿಗೆ ಜಾಗ ಖಾತ್ರಿ ಮಾಡುವ ಹಕ್ಕು. 36 ಮಾತ್ರ ಇವೆ, ಎಲ್ಲ ಯಾರ್ಯಾರದ್ದೋ ಕೈಯಲ್ಲಿವೆ. ಚಾರ್ಟರ್ ಇಲ್ಲದ ಕಾರಿಗೆ ಬಹುಮಾನದ ಹಣವೂ ಕಡಿಮೆ. ಸ್ವಂತ ತಂಡ ಅಂದರೆ ಮೊದಲ ಖರ್ಚು ಅಲ್ಲೇ.

ನನ್ನ ಪ್ರಕಾರ ದಾರಿ ಟ್ರಕ್ ಸೀರೀಸ್. ಅಲ್ಲಿ ಇಲ್ಮೋರ್ ಅನ್ನೋ ಇಂಜಿನ್ ಕಂಪನಿಯವರ ಎನ್‌ಟಿ1 ಇಂಜಿನ್ ಕೊಂಡು ಹಾಕಿಕೊಳ್ಳಬಹುದು, ಕಂಪನಿ ಬಾಡಿ ಮೇಲೆ ಗಮನ ಕೊಟ್ಟರೆ ಸಾಕು. ಡಾಡ್ಜ್ ಬಳಗದ ಪಿಕಪ್ ಬ್ರ್ಯಾಂಡ್ ರ‍್ಯಾಮ್ ಕೂಡ 2026ಕ್ಕೆ ವಾಪಸ್ ಬಂದದ್ದು ಟ್ರಕ್‌ಗೇ, ಅದೂ ಕೌಲಿಗ್ ತಂಡವನ್ನು ಹಿಡಿದುಕೊಂಡು. ಬುದ್ಧಿವಂತರ ಕೆಲಸ. ಮತ್ತೆ, ಟ್ರಕ್‌ಗೆ ಬರಬೇಕಾದ ಮುಂದಿನ ವಿದೇಶಿ ಕಂಪನಿ ಹುಂಡೈ ಅಲ್ಲ, ಹೋಂಡಾ. ಅವರ ರಿಡ್ಜ್‌ಲೈನ್ ಪಿಕಪ್ ತಯಾರಾಗೋದು ಅಲಬಾಮಾದ ಲಿಂಕನ್‌ನಲ್ಲಿ. ಲಿಂಕನ್ ಇರೋದು ಟಲಡೇಗಾ ಕೌಂಟಿಯಲ್ಲೇ, ನಾಸ್ಕಾರ್ ರೇಸ್ ನಡೆಯುವ ಟಲಡೇಗಾ ಸ್ಪೀಡ್‌ವೇಯಿಂದ ಸ್ವಲ್ಪವೇ ದೂರ. ಫ್ಯಾಕ್ಟರಿಯಲ್ಲಿ ಕೆಲಸ ಮಾಡುವವರು ತಾವು ಕಟ್ಟಿದ ಗಾಡಿಯ ಹೆಸರನ್ನು ಪಕ್ಕದ ಟ್ರ್ಯಾಕಿನಲ್ಲಿ ಕೂಗಬಹುದು. ಇಂಡಿಕಾರ್‌ನಿಂದ ಅಮೆರಿಕದ ಓವಲ್ (ಮೊಟ್ಟೆಯಾಕಾರದ) ಟ್ರ್ಯಾಕ್‌ಗಳ ಅನುಭವವೂ ಹೋಂಡಾಗೆ ಇದೆ. ಹುಂಡೈನ ಸಾಂಟಾ ಕ್ರೂಜ್ ನನಗೆ ಪಿಕಪ್ ಅಂತ ಒಪ್ಪಿಗೆಯಿಲ್ಲ, ಅದು ಹಿಂದೆ ಡಬ್ಬ ಇರುವ ಎಸ್‌ಯುವಿ. ರಿಡ್ಜ್‌ಲೈನ್‌ಗೂ ಕೆಲವರು ಇದೇ ಮಾತು ಹೇಳುತ್ತಾರೆ. ಆದರೆ ಅದು ಮೆಕ್ಸಿಕೋದ ಬಾಹಾ ರೇಸಿನ ಮರಳಿನಲ್ಲಿ ಓಡಿ ಬಂದ ಹೆಸರು.

ಒಂದು ಎಚ್ಚರಿಕೆ. ಟ್ರಕ್‌ನಲ್ಲಿ ಗೆದ್ದ ಮಾತ್ರಕ್ಕೆ ಕಪ್ ಸಿಗುವುದಿಲ್ಲ, ಟೊಯೋಟಾದ 2007 ಮೇಲೆ ಹೇಳಿದೆನಲ್ಲ. ಎರಡನೇದು, ಒಂದೇ ತಂಡದ ಮೇಲೆ ಕೂತರೂ ಕಷ್ಟ. ಟೊಯೋಟಾ ಜೊತೆ ಬಂದ ರೆಡ್ ಬುಲ್ 2011ಕ್ಕೆ ಮುಚ್ಚಿತು, ವಾಲ್ಟ್ರಿಪ್ ತಂಡ 2015ಕ್ಕೆ. 2017ರಲ್ಲಿ ಚಾಲಕ ಟ್ರೂಎಕ್ಸ್‌ಗೆ ಕಪ್ ಗೆದ್ದುಕೊಟ್ಟ ಫರ್ನಿಚರ್ ರೋ ತಂಡ 2018ರ ನಂತರ ಇಲ್ಲ. ಗಿಬ್ಸ್ ಇದ್ದದ್ದಕ್ಕೆ ಕಂಪನಿ ಉಳಿಯಿತು, ಆಮೇಲೆ 23ಇಲೆವೆನ್, ಲೆಗಸಿ ತಂಡಗಳು ಸೇರಿದವು. ಟೊಯೋಟಾ ಚಾಲಕನಿಗೆ ಮೊದಲ ಕಪ್ ಸಿಕ್ಕಿದ್ದು 2015ರಲ್ಲಿ, ಡೇಟೋನಾ 500 ಗೆದ್ದದ್ದು 2016ರಲ್ಲಿ ಹ್ಯಾಮ್ಲಿನ್. ಅಂದರೆ ಒಂಬತ್ತು ವರ್ಷ ಸರ್. ಎರಡಲ್ಲ.

ಕೆಳಗೆ ಇನ್ನೊಬ್ಬರು ಮಹೀಂದ್ರ ಬರಬಹುದಾ ಅಂತ ಕೇಳಿದ್ದಾರೆ. ಅಲ್ಲಿ ಟ್ರ್ಯಾಕ್ಟರ್ ಮಾರುವ ಕಂಪನಿ ರೇಸ್ ಕಾರು ಕಟ್ಟಬೇಕಿಲ್ಲ. 2022ರಲ್ಲಿ ಸ್ಟೀವರ್ಟ್-ಹಾಸ್ ತಂಡದ 14ನೇ ನಂಬರಿನ ಫೋರ್ಡ್ ಮೇಲೆ ಮಹೀಂದ್ರ ಟ್ರ್ಯಾಕ್ಟರ್ ಹೆಸರಿತ್ತು, ಓಡಿಸಿದ್ದು ಚೇಸ್ ಬ್ರಿಸ್ಕೋ. ಹಳ್ಳಿ ಕಡೆಯ ರೈತರು ನೋಡುವ ರೇಸಿನಲ್ಲಿ ಹೆಸರು ಓಡಾಡಿತು. ಹೊಸ ಕಂಪನಿಗೆ ಅದೂ ಒಳ್ಳೆಯ ಬಾಗಿಲೇ.

ಊರಿನಿಂದ ನೋಡುವವರಿಗೆ: ಡೇಟೋನಾ 500 ಅಲ್ಲಿ ಭಾನುವಾರ ಮಧ್ಯಾಹ್ನ ಎರಡೂವರೆಗೆ ಶುರುವಾದರೆ ನಿಮಗೆ ಸೋಮವಾರ ಬೆಳಗಿನ ಜಾವ ಒಂದು ಗಂಟೆ. ಮಾರ್ಚ್‌ನಲ್ಲಿ ಅಮೆರಿಕದ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ, ಅಲ್ಲಿಂದಾಚೆ ಲೆಕ್ಕ ಬದಲಿಸಿಕೊಳ್ಳಿ. ಬರೀ ಹೈಲೈಟ್ಸ್ ನೋಡಿ ಯಾವ ಕಂಪನಿ ವೇಗ ಅಂತ ತೀರ್ಪು ಕೊಡಬೇಡಿ. ಎಲ್ಲರನ್ನೂ ನಿಧಾನ ಮಾಡಿಸುವ ಹಳದಿ ಬಾವುಟ ಇಲ್ಲದೆ ಉದ್ದಕ್ಕೆ ಓಡುವಾಗ, ಟೈರ್ ಸವೆದ ಮೇಲೆ ಯಾರ ಲ್ಯಾಪ್ ಸಮಯ ಹೆಚ್ಚುವುದಿಲ್ಲ ಅಂತ ನೋಡಿ. ಟ್ರ್ಯಾಕಿಗೇ ಹೋಗುವವರು ತಂಡಗಳ ರೇಡಿಯೋ ಮಾತು ಕೇಳಿಸುವ ಸ್ಕ್ಯಾನರ್ ಬಾಡಿಗೆಗೆ ತಗೊಳ್ಳಿ, ಹೆಡ್‌ಫೋನ್ ಕಿವಿ ಪೂರ್ತಿ ಮುಚ್ಚುವಂಥದ್ದೇ ಇರಲಿ. ಮಕ್ಕಳನ್ನು ಕರೆದುಕೊಂಡು ಹೋಗುವುದಾದರೆ ಅವರಿಗೆ ಬೇರೆ ಇಯರ್‌ಮಫ್ ಮನೆಯಿಂದಲೇ ಒಯ್ಯಿರಿ, ಅಲ್ಲಿ ಸಣ್ಣ ಸೈಜ್ ಸಿಗುತ್ತದೆ ಅಂತ ನಂಬಿಕೊಂಡು ಹೋಗಬೇಡಿ.